ಅರ್ಜಿಯ ವಿಳಾಸ: ಬೀದರಿನ ಕಾಲೇಜು ಓದಿನ ನೂರು ವರ್ಷ

ಬೀದರಿನ ಗಾಂಧಿ ಗಂಜ್ ಪೇಟೆಗೆ ಹೊಸ ಹೆಸರುಕಾಳು ಬರುವುದು ಶ್ರಾವಣ ಮುಗಿಯುವ ಹೊತ್ತಿಗೆ. ಉದ್ದು ಅದರ ಬೆನ್ನಿಗೇ ಬರುತ್ತದೆ, ಸೋಯಾ ದಸರಾ–ದೀಪಾವಳಿಯ ನಡುವೆ, ತೊಗರಿ ಸಂಕ್ರಾಂತಿಯ ಆಸುಪಾಸಿಗೆ. ಕಾಲೇಜಿನ ಪ್ರವೇಶ ಮಾತ್ರ ಮುಂಗಾರಿನ ಬಿತ್ತನೆಯ ದಿನಗಳಲ್ಲಿ ಬರುತ್ತದೆ. ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರು ಎಂದು ಮನೆಯ ದುಡ್ಡೆಲ್ಲ ಹೊಲಕ್ಕೆ ಹೋಗುವ ತಿಂಗಳಲ್ಲೇ ಶುಲ್ಕ ಕಟ್ಟಬೇಕು, ಹಾಸ್ಟೆಲ್ ಹಿಡಿಯಬೇಕು. ಭಾಲ್ಕಿ, ಔರಾದ ಕಡೆಯ ರೈತನ ಮನೆಯಲ್ಲಿ ಮಗಳು ಸೈನ್ಸ್ ತಗೊಳ್ಳಬೇಕೋ ಆರ್ಟ್ಸ್ ತಗೊಳ್ಳಬೇಕೋ ಎಂಬ ಮಾತು ಅವಳ ಒಲವಿನಿಂದ ಶುರುವಾಗುವುದು ಅಪರೂಪ. ಅರ್ಜಿ ಎಲ್ಲಿಗೆ ಹಾಕಬೇಕು, ಅದರ ಜೊತೆ ಏನೇನು ಕಾಗದ ಇಡಬೇಕು, ಮೊದಲ ಕಂತು ಎಷ್ಟು ಎಂಬುದು ಮೊದಲು ತೀರ್ಮಾನವಾಗುತ್ತದೆ. ವಿಷಯ ಆಮೇಲಿನದು. ಇದು ಈ ಹತ್ತು ವರ್ಷದ ಕತೆಯಲ್ಲ. ನೂರು ವರ್ಷಗಳಿಂದ ಬೀದರಿನ ವಿದ್ಯಾರ್ಥಿ ಏನು ಓದುತ್ತಾನೆ ಎಂಬುದನ್ನು ಅವನ ಅರ್ಜಿಯ ಮೇಲಿನ ವಿಳಾಸವೇ ಬಹುಪಾಲು ನಿರ್ಧರಿಸಿದೆ. ಆ ವಿಳಾಸ ಹೈದರಾಬಾದಿನಿಂದ ಧಾರವಾಡಕ್ಕೆ, ಧಾರವಾಡದಿಂದ ಕಲಬುರಗಿಗೆ, ಅಲ್ಲಿಂದ ಬೆಂಗಳೂರಿನ ಪ್ರವೇಶ ಪರೀಕ್ಷಾ ಕಚೇರಿಗೆ, ಈಗ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಗೆ ಬದಲಾಗಿದೆ. ಪ್ರತಿ ಬದಲಾವಣೆಯೂ ಕೆಲವರಿಗೆ ಬಾಗಿಲು ತೆರೆಯಿತು, ಕೆಲವು ವಿಷಯಗಳಿಗೆ ಬಾಗಿಲು ಹಾಕಿತು. ಆ ಲೆಕ್ಕವನ್ನು ಒಮ್ಮೆ ನೋಡದೆ ಈಗಿನ ಮಕ್ಕಳಿಗೆ ಆಯ್ಕೆಯ ಸ್ವಾತಂತ್ರ್ಯವಿದೆ ಎಂದೋ ಇಲ್ಲವೆಂದೋ ಹೇಳುವುದು ಬರೀ ಮಾತಾಗುತ್ತದೆ.

ಬೀದರಿನ ಶಿಕ್ಷಣದ ಮಾತು ಬಂದರೆ ಎಲ್ಲರೂ ಮೊದಲು ತೋರಿಸುವುದು ಮಹಮೂದ್ ಗವಾನನ ಮದರಸಾ. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಗವಾನ ಅದನ್ನು ಕಟ್ಟಿ ಮುಗಿಸಿದ್ದು 1472ರಲ್ಲಿ. ಮೂರು ಅಂತಸ್ತು, ಬಣ್ಣದ ಹೆಂಚಿನ ಮಿನಾರು, ಮೂರು ಸಾವಿರ ಗ್ರಂಥಗಳಿದ್ದವೆಂದು ಹೇಳಲಾಗುವ ಭಂಡಾರ, ಪರ್ಷಿಯಾ ಕಡೆಯಿಂದ ಬಂದ ಪಂಡಿತರು. ಐನೂರು ವರ್ಷದ ಹಿಂದೆಯೇ ವಿಶ್ವವಿದ್ಯಾಲಯವಿದ್ದ ಊರಿಗೆ ಓದಿನ ಬಡತನ ಹೇಗೆ ಬಂದೀತು ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಅಭಿಮಾನವಿದೆ, ಇತಿಹಾಸ ಕಡಿಮೆ. ಗವಾನ 1481ರಲ್ಲಿ ಸುಲ್ತಾನನ ಆಜ್ಞೆಯಿಂದಲೇ ಕೊಲೆಯಾದ. 1696ರಲ್ಲಿ, ಔರಂಗಜೇಬನ ಆಳ್ವಿಕೆಯಲ್ಲಿ, ಸ್ಫೋಟವೊಂದು ಕಟ್ಟಡದ ಮುಂಭಾಗವನ್ನೂ ಒಂದು ಮಿನಾರನ್ನೂ ಕೆಡವಿತು. ಅಲ್ಲಿ ಓದಿದವರು ಗುರುವನ್ನು ಹುಡುಕಿ ಬಂದವರು. ಇಂಥ ಗ್ರಂಥ ಇಂಥ ಪಂಡಿತರ ಹತ್ತಿರ ಓದಬೇಕೆಂದು ಹೊರಟ ಆ ಕಾಲದ ವಿದ್ಯಾರ್ಥಿಗೆ ಪದವಿ, ಸೀಟು, ಕೊನೆಯ ದಿನಾಂಕ ಇವೊಂದೂ ಇರಲಿಲ್ಲ. ಸುತ್ತಲಿನ ಹಳ್ಳಿಗಳ ಒಕ್ಕಲಿಗನ ಮಗನಿಗೆ ಆ ಬಾಗಿಲು ತೆರೆದಿತ್ತೆನ್ನಲು ಆಧಾರವಿಲ್ಲ. ಮದರಸಾ ಬೀದರಿಗೆ ಕೊಟ್ಟದ್ದು ಒಂದು ದೊಡ್ಡ ಕಟ್ಟಡ ಮತ್ತು ಒಂದು ಹೆಮ್ಮೆ. ನಾವು ಬಲ್ಲ ಅರ್ಥದ ಕಾಲೇಜು, ಅರ್ಜಿ, ವಿಷಯದ ಆಯ್ಕೆ ಇವೆಲ್ಲ ಶುರುವಾಗುವುದು ಅದಾಗಿ ನಾಲ್ಕೂವರೆ ಶತಮಾನದ ಮೇಲೆ, ನಿಜಾಮನ ಒಂದು ಫರ್ಮಾನಿನಿಂದ.

1917ರಲ್ಲಿ ಹೊರಟ ಆ ಫರ್ಮಾನು ಹೈದರಾಬಾದಿನಲ್ಲಿ ವಿಶ್ವವಿದ್ಯಾಲಯ ಬೇಕೆಂದಿತು. 1918ರಲ್ಲಿ ಉಸ್ಮಾನಿಯಾ ಸ್ಥಾಪನೆಯಾಯಿತು, 1919ರಲ್ಲಿ ಪಾಠ ಶುರುವಾಯಿತು. ಬ್ರಿಟಿಷ್ ಭಾರತದ ವಿಶ್ವವಿದ್ಯಾಲಯಗಳೆಲ್ಲ ಇಂಗ್ಲಿಷಿನಲ್ಲಿ ಕಲಿಸುತ್ತಿದ್ದಾಗ ಇಲ್ಲಿ ವೈದ್ಯ, ಕಾನೂನು, ಗಣಿತ, ಚರಿತ್ರೆ ಎಲ್ಲವೂ ಉರ್ದುವಿನಲ್ಲಿ. ಪಠ್ಯಗಳನ್ನು ಅನುವಾದಿಸಲು ದಾರುಲ್ ತರ್ಜುಮಾ ಎಂಬ ಒಂದು ಇಲಾಖೆಯೇ ಹುಟ್ಟಿತು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಸಾಧ್ಯ ಎಂದು ಭಾರತದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿ ತೋರಿಸಿದ್ದು ಈ ಸಂಸ್ಥೆ. ಆ ಗೌರವವನ್ನು ಅದಕ್ಕೆ ಕೊಡಲೇಬೇಕು. ಆದರೆ ಯಾರ ದೇಶಭಾಷೆ? ನಿಜಾಮನ ರಾಜ್ಯದಲ್ಲಿ ತೆಲುಗು, ಮರಾಠಿ, ಕನ್ನಡ ಮನೆಮಾತಾಗಿದ್ದವರೇ ಬಹುಸಂಖ್ಯಾತರು. ಬೀದರ ಜಿಲ್ಲೆಯಲ್ಲಂತೂ ಈ ಮೂರೂ ಇದ್ದವು. ಕನ್ನಡದ ಹುಡುಗನೊಬ್ಬ ಪದಾರ್ಥವಿಜ್ಞಾನ ಓದಬೇಕಾದರೆ ಮೊದಲು ಉರ್ದು ಗಟ್ಟಿಮಾಡಿಕೊಳ್ಳಬೇಕು. ಇಂಗ್ಲಿಷ್ ಬೇಕೆಂದರೆ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದ ನಿಜಾಮ್ ಕಾಲೇಜು ಇತ್ತು. ಅದಕ್ಕೆ ಬೇಕಾದ ಇಂಗ್ಲಿಷ್ ಶಾಲೆ ಬೀದರಿನ ಹಳ್ಳಿಗಳಲ್ಲಿ ಎಲ್ಲಿಂದ ಬರಬೇಕು? ಹೀಗೆ ವಿಷಯಕ್ಕಿಂತ ಮೊದಲೇ ಭಾಷೆ ಜರಡಿ ಹಿಡಿಯುತ್ತಿತ್ತು.

ಇದನ್ನು ಮುಸ್ಲಿಮರಿಗೆ ಅನುಕೂಲ, ಹಿಂದೂಗಳಿಗೆ ಅನ್ಯಾಯ ಎಂದು ಸರಳ ಮಾಡುವವರಿದ್ದಾರೆ. ಹಾಗಲ್ಲ. ನಿಜಾಮನ ಕಚೇರಿಗಳಲ್ಲಿ ತಲೆಮಾರುಗಳಿಂದ ದಫ್ತರ ನೋಡಿಕೊಂಡ ಕಾಯಸ್ಥರಿಗೂ ಬ್ರಾಹ್ಮಣ ಕುಲಕರ್ಣಿ, ದೇಶಪಾಂಡೆಗಳಿಗೂ ಉರ್ದು ಚೆನ್ನಾಗಿ ಬರುತ್ತಿತ್ತು. ಹಳ್ಳಿಯ ಬಡ ಮುಸಲ್ಮಾನ ನೇಕಾರನ ಮಗನಿಗೆ ಉಸ್ಮಾನಿಯಾದ ಪಾರಿಭಾಷಿಕ ಉರ್ದು ಕನ್ನಡದವನಿಗಿದ್ದಷ್ಟೇ ದೂರ. ಗೆರೆ ಬಿದ್ದದ್ದು ಕಚೇರಿಗೆ ಹತ್ತಿರವಿದ್ದವರು ಮತ್ತು ಹೊಲಕ್ಕೆ ಹತ್ತಿರವಿದ್ದವರ ನಡುವೆ. 1951ರ ಜನಗಣತಿಯಲ್ಲಿ ಹೈದರಾಬಾದ್ ರಾಜ್ಯದ ಸಾಕ್ಷರತೆ ನೂರಕ್ಕೆ ಹತ್ತನ್ನೂ ಮುಟ್ಟಿರಲಿಲ್ಲ. ನೂರರಲ್ಲಿ ತೊಂಬತ್ತು ಜನ ಅಕ್ಷರವನ್ನೇ ಕಾಣದ ನಾಡಿನಲ್ಲಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವನು ಯಾವ ಮನೆಯವನೆಂದು ಬಿಡಿಸಿ ಹೇಳಬೇಕಿಲ್ಲ. ಅವನ ಗುರಿಯೂ ಅರ್ಜಿಗೆ ಮೊದಲೇ ಗೊತ್ತಾಗಿರುತ್ತಿತ್ತು: ವಕಾಲತ್ತು, ಇಲ್ಲವೇ ಸರ್ಕಾರಿ ಹುದ್ದೆ. 1919ರ ಮುಲ್ಕಿ ನಿಯಮ ಹದಿನೈದು ವರ್ಷ ರಾಜ್ಯದಲ್ಲಿ ನೆಲೆಸಿದವರಿಗೇ ಸರ್ಕಾರಿ ನೌಕರಿ ಎಂದು ಹೇಳಿದ್ದು ಈ ಗುರಿಯನ್ನು ಇನ್ನಷ್ಟು ಗಟ್ಟಿ ಮಾಡಿತು. ಉರ್ದುವಿನಲ್ಲಿ ಪದವಿ, ಕೈಯಲ್ಲಿ ಮುಲ್ಕಿ ಪುರಾವೆ ಇದ್ದರೆ ನಿಜಾಮನ ಚಾಕರಿ. ಸ್ಥಳೀಯನೆಂಬ ಕಾಗದ ಓದಿನ ದಿಕ್ಕನ್ನು ತಿರುಗಿಸುವುದನ್ನು ಬೀದರು ಆಗಲೇ ಕಂಡಿತ್ತು. ಮುಂದೆ 2013ರಲ್ಲಿ ಇನ್ನೊಮ್ಮೆ ಕಾಣಲಿತ್ತು.

ಇದೇ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು ಈ ಭಾಗದಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಅದನ್ನು ಸಾಹಸದ ಕತೆಯಾಗಿ ಹೇಳಿ ಮುಗಿಸುವುದೇ ರೂಢಿ. ಅದರೊಳಗಿನ ಇಕ್ಕಟ್ಟನ್ನೂ ನೋಡಬೇಕು. ಕನ್ನಡದಲ್ಲಿ ಓದು ಕಲಿತ ಹುಡುಗನಿಗೆ ಮುಂದಿನ ಮೆಟ್ಟಿಲು ರಾಜ್ಯದೊಳಗೆ ಇರಲಿಲ್ಲ. ಉಸ್ಮಾನಿಯಾದಲ್ಲಿ ಕನ್ನಡ ಒಂದು ವಿಷಯವಾಗಿತ್ತು, ಡಿ.ಕೆ. ಭೀಮಸೇನರಾವ್ ಅವರಂಥ ವಿದ್ವಾಂಸರು ಅಲ್ಲಿ ಪಾಠ ಹೇಳುತ್ತಿದ್ದರು. ಆದರೂ ಕನ್ನಡವನ್ನು ಓದಬಹುದಿತ್ತೇ ಹೊರತು ಕನ್ನಡದಲ್ಲಿ ಓದುವಂತಿರಲಿಲ್ಲ. ಹಾಗಾದರೆ ಪಟ್ಟದ್ದೇವರ ಶಾಲೆಯಿಂದ ಕಾಲೇಜಿಗೆ ಆದ ಪ್ರಯೋಜನವೇನು? ಅವರು ಅರ್ಜಿ ಹಾಕಬಲ್ಲವರ ಸಂಖ್ಯೆಯನ್ನು ಹೆಚ್ಚಿಸಿದರು. ಮಠದ ಪ್ರಸಾದನಿಲಯ ಇದ್ದುದರಿಂದ ಕಚೇರಿಯ ನಂಟಿಲ್ಲದ ಮನೆಗಳ ಮಕ್ಕಳು ಅಕ್ಷರದ ಹತ್ತಿರ ಬಂದರು. 1956ರ ಮೇಲೆ ಧಾರವಾಡದ ಬಾಗಿಲು ತೆರೆದಾಗ ಹೋಗಲು ಈ ಭಾಗದಲ್ಲಿ ಒಂದಷ್ಟು ಹುಡುಗರು ಸಿದ್ಧರಿದ್ದರೆ ಅದರ ಹಿಂದೆ ಇಂಥ ಶಾಲೆಗಳಿದ್ದವು. ಒಂದು ವಿಶ್ವವಿದ್ಯಾಲಯ ಬಾಗಿಲು ಹಾಕಿದಾಗ ಇನ್ನೊಂದು ತೆರೆದದ್ದಕ್ಕೆ ಆ ಕಾಲದ ಒಂದು ನಿದರ್ಶನ 1938ರ ವಂದೇ ಮಾತರಂ ಚಳವಳಿ. ಹಾಸ್ಟೆಲಿನಲ್ಲಿ ಆ ಗೀತೆ ಹಾಡಿದ್ದಕ್ಕೆ ಉಸ್ಮಾನಿಯಾದಿಂದ ಹೊರಬಿದ್ದ ವಿದ್ಯಾರ್ಥಿಗಳನ್ನು ನಾಗಪುರ ವಿಶ್ವವಿದ್ಯಾಲಯ ಸೇರಿಸಿಕೊಂಡಿತು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಹಾಗೆ ನಾಗಪುರಕ್ಕೆ ಹೋದವರಲ್ಲಿ ಒಬ್ಬರು. ಉರ್ದು ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ನಡುವರ್ಷದಲ್ಲಿ ಜಿಗಿಯಲು ಆದವರು ಹೋದರು. ಆಗದವರ ಓದು ಅಲ್ಲಿಗೆ ನಿಂತಿತು.

ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಉಸ್ಮಾನಿಯಾ ಇಂಗ್ಲಿಷಿಗೆ ತಿರುಗಿತು. ಉರ್ದು ಬಲ್ಲವರ ಮೂವತ್ತು ವರ್ಷದ ಅನುಕೂಲ ಕೆಲವೇ ತಿಂಗಳಲ್ಲಿ ಕರಗಿತು. ಎಂಟು ವರ್ಷ ಕಳೆಯುವುದರೊಳಗೆ ಜಿಲ್ಲೆಯೇ ಮೂರು ಹೋಳಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು. ನಕ್ಷೆಯ ಮೇಲೆ ಇದು ಭಾಷೆಯ ನ್ಯಾಯ. ರೈಲಿನ ಲೆಕ್ಕದಲ್ಲಿ ನೋಡಿದರೆ ಬೇರೆಯೇ ಚಿತ್ರ. ನಿಜಾಮನ ಕಾಲದ ಹಳಿ ವಿಕಾರಾಬಾದಿನಿಂದ ಬೀದರ, ಭಾಲ್ಕಿ, ಕಮಲನಗರ ದಾಟಿ ಉದಗೀರ, ಲಾತೂರ ರೋಡ್ ಮೂಲಕ ಪರಳಿಗೆ ಹೋಗುತ್ತದೆ. ಬೀದರಿನವರಿಗೆ ಒಂದು ತುದಿಯಲ್ಲಿ ಹೈದರಾಬಾದು, ಇನ್ನೊಂದು ತುದಿಯಲ್ಲಿ ಮರಾಠವಾಡ. ಹೊಸ ವಿಳಾಸವಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ನೇರ ಹಳಿಯೇ ಇಲ್ಲ. ವಿಕಾರಾಬಾದಿಗೆ ಹಿಂದೆ ಹೋಗಿ, ವಾಡಿ, ಗುಲ್ಬರ್ಗ ದಾಟಿ, ಹೋಟಗಿಯಲ್ಲಿ ಇಳಿದು ಮೀಟರ್ ಗೇಜಿನ ಗಾಡಿ ಹತ್ತಿ, ವಿಜಾಪುರ, ಗದಗ, ಹುಬ್ಬಳ್ಳಿ ಸುತ್ತಿ ಮುಟ್ಟಬೇಕು. ಬೀದರು–ಕಲಬುರಗಿ ನೇರ ರೈಲು ಓಡಿದ್ದು 2017ರ ಅಕ್ಟೋಬರಿನಲ್ಲಿ. ಅಂದರೆ ಆಡಳಿತದ ಗೆರೆಯನ್ನು ಹಳಿ ಹಿಂಬಾಲಿಸಲು ಅರವತ್ತೊಂದು ವರ್ಷ ಬೇಕಾಯಿತು.

ಗಡಿ ಬದಲಾದರೆ ಓದಲು ಹೈದರಾಬಾದಿಗೆ ಹೋಗಬೇಡಿ ಎಂದು ಯಾರೂ ತಡೆಯಲಿಲ್ಲವಲ್ಲ ಎಂದು ಕೇಳಬಹುದು. ತಡೆಯಲಿಲ್ಲ, ನಿಜ. ಹೋದವರೂ ಇದ್ದರು. ಔರಾದ, ಕಮಲನಗರದ ಮರಾಠಿ ಮನೆಗಳಿಗೆ ಉದಗೀರ ಹತ್ತಿರದ ಪೇಟೆ. 1962ರಲ್ಲಿ ಅಲ್ಲಿ ಉದಯಗಿರಿ ಕಾಲೇಜು ಶುರುವಾಯಿತು, ಅದಕ್ಕೂ ಮೊದಲೇ, 1958ರಲ್ಲಿ, ಔರಂಗಾಬಾದಿನಲ್ಲಿ ಮರಾಠವಾಡ ವಿಶ್ವವಿದ್ಯಾಲಯ ಹುಟ್ಟಿತ್ತು. ಆದರೆ ರಾಜ್ಯ ಬೇರೆಯಾದ ಮೇಲೆ ವಿದ್ಯಾರ್ಥಿ ಎರಡು ಕಡೆಯೂ ಪರಕೀಯ. ಅಲ್ಲಿ ಸರ್ಕಾರಿ ಸೀಟಿಗೆ ಆ ರಾಜ್ಯದ ನಿವಾಸಿ ಪ್ರಮಾಣಪತ್ರ ಬೇಕು. ಓದಿ ಹಿಂದೆ ಬಂದರೆ ಇಲ್ಲಿ ಮೈಗ್ರೇಷನ್ ಸರ್ಟಿಫಿಕೇಟ್, ಎಲಿಜಿಬಿಲಿಟಿ ಸರ್ಟಿಫಿಕೇಟ್. ಇಂಜಿನಿಯರಿಂಗ್, ವೈದ್ಯಕೀಯದಂಥ, ಸರ್ಕಾರ ಸೀಟು ಹಂಚುವ ವಿಷಯಗಳಲ್ಲಿ ಗಡಿ ಗೋಡೆಯಾಯಿತು. ಬಿ.ಎ., ಬಿ.ಕಾಂ.ಗಳಂಥ, ಸೀಟಿಗೆ ಪೈಪೋಟಿ ಕಡಿಮೆ ಇರುವ ವಿಷಯಗಳಲ್ಲಿ ಅದು ಬೇಲಿಯಾಗಿಯಷ್ಟೇ ಉಳಿಯಿತು. ಹೀಗಾಗಿ ಗಡಿ ದಾಟಿ ಹತ್ತಿರದ ಊರಲ್ಲಿ ಓದಲು ಹೊರಟವನಿಗೆ ದೊರೆತದ್ದು ಹೆಚ್ಚಾಗಿ ಈ ಎರಡನೆಯ ಬಗೆಯ ವಿಷಯಗಳು. ವಿಳಾಸವೇ ವಿಷಯವನ್ನು ಆರಿಸುವುದೆಂದರೆ ಇದು.

ಕಲಬುರಗಿ ಮೇಲೆದ್ದಾಗ ವಿಳಾಸ ಹತ್ತಿರ ಬಂತು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು, 1963ರಲ್ಲಿ ವೈದ್ಯಕೀಯ ಕಾಲೇಜು ಬಂತು. ಧಾರವಾಡ ವಿಶ್ವವಿದ್ಯಾಲಯ 1970ರಲ್ಲಿ ಅಲ್ಲೊಂದು ಸ್ನಾತಕೋತ್ತರ ಕೇಂದ್ರ ನಡೆಸತೊಡಗಿತು, 1980ರಲ್ಲಿ ಅದೇ ಗುಲ್ಬರ್ಗ ವಿಶ್ವವಿದ್ಯಾಲಯವಾಯಿತು. ಬೀದರ, ಭಾಲ್ಕಿ, ಔರಾದಗಳಲ್ಲಿ ಪದವಿ ಕಾಲೇಜುಗಳು ಒಂದೊಂದಾಗಿ ಬಂದವು. ಇಲ್ಲಿ ಕಾಲೇಜು ತೆರೆಯುವವರ ಲೆಕ್ಕವನ್ನೂ ಗಮನಿಸಬೇಕು. ಕಲಾ ವಿಭಾಗಕ್ಕೆ ನಾಲ್ಕು ಕೋಣೆ, ಬೆಂಚು, ಕಪ್ಪು ಹಲಗೆ, ಆರೇಳು ಅಧ್ಯಾಪಕರು ಸಾಕು. ವಿಜ್ಞಾನಕ್ಕೆ ಪ್ರಯೋಗಶಾಲೆ, ಗ್ಯಾಸ್ ಲೈನು, ಉಪಕರಣ, ರಾಸಾಯನಿಕ, ಅವನ್ನು ವರ್ಷ ವರ್ಷ ತುಂಬುವ ಖರ್ಚು. ಆದ್ದರಿಂದ ಸಣ್ಣ ಊರಿಗೆ ಮೊದಲು ಬರುವುದು ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಕನ್ನಡ. ಔರಾದದ ಹುಡುಗಿ ಚರಿತ್ರೆ ಓದಿದ್ದು ಚರಿತ್ರೆಯ ಮೇಲಿನ ಪ್ರೀತಿಯಿಂದ ಎಂದು ಹೇಳುವ ಮುನ್ನ ಆ ಊರಿನ ಕಾಲೇಜಿನಲ್ಲಿ ಬೇರೇನಿತ್ತು ಎಂದು ಕೇಳಬೇಕು. ಹೆಣ್ಣುಮಕ್ಕಳ ವಿಷಯದಲ್ಲಂತೂ ಬಸ್ಸಿನ ವೇಳೆಯೇ ಅಂತಿಮ. ಸಂಜೆಯೊಳಗೆ ಮನೆ ಸೇರಬಹುದಾದ ದೂರದಲ್ಲಿ ಏನಿದೆಯೋ ಅದೇ ಅವರ ಆಯ್ಕೆ. ಇದನ್ನು ದೂರುವಂತಿಲ್ಲ. ಆ ಅಗ್ಗದ ಬಿ.ಎ. ಇಲ್ಲದಿದ್ದರೆ ಅವರಲ್ಲಿ ಎಷ್ಟೋ ಜನ ಕಾಲೇಜು ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಈ ಭಾಗದ ಶಾಲೆಗಳಿಗೆ ಕನ್ನಡದಲ್ಲಿ ಪಾಠ ಹೇಳುವ ಒಂದು ಪೀಳಿಗೆಯ ಶಿಕ್ಷಕರನ್ನು ಕೊಟ್ಟಿದ್ದೂ ಅದೇ.

ಎಂಬತ್ತರ ದಶಕದಲ್ಲಿ ಒಂದು ವಿಚಿತ್ರ ನಡೆಯಿತು. ಕಾಲೇಜು ಊರಿಗೇ ಬಂತು, ಸೀಟು ಮಾತ್ರ ಕೈಗೆ ಸಿಗಲಿಲ್ಲ. ನಾನಕ್ ಝರಾ ಗುರುದ್ವಾರದ ಆಸರೆಯಲ್ಲಿ ಸರ್ದಾರ್ ಜೋಗಾಸಿಂಗ್ ಅವರು 1980ರಲ್ಲಿ ಬೀದರಿನಲ್ಲಿ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು ಕಟ್ಟಿದರು. 1982ರಲ್ಲಿ ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆಯವರ ಶಾಂತಿವರ್ಧಕ ಸಂಸ್ಥೆ ಗ್ರಾಮೀಣ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಅದೇ ಹೊತ್ತಿಗೆ ಕರ್ನಾಟಕದಾದ್ಯಂತ ಖಾಸಗಿ ವೃತ್ತಿ ಕಾಲೇಜುಗಳ ಅಲೆ ಎದ್ದಿತ್ತು, ಉತ್ತರ ಭಾರತದಿಂದ ಹಣ ಹಿಡಿದು ಬರುವ ವಿದ್ಯಾರ್ಥಿಗಳಿಂದ ಅದು ನಡೆಯುತ್ತಿತ್ತು. 1984ರಲ್ಲಿ ರಾಜ್ಯ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದರೂ 1989ರ ಸರ್ಕಾರಿ ಅಧಿಸೂಚನೆಯೇ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡನಾಡಿನ ವಿದ್ಯಾರ್ಥಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ ಎಂದು ಮೂರು ದರ ಬರೆಯಿತು. ಒಂದೇ ಬೆಂಚಿನಲ್ಲಿ ಕೂತ ಮೂವರ ನಡುವಿನ ವ್ಯತ್ಯಾಸವನ್ನು ಸರ್ಕಾರವೇ ಅಂಕಿಯಲ್ಲಿ ಹೇಳಿತ್ತು. ಹೊರಗಿನ ವಿದ್ಯಾರ್ಥಿಗಳ ಮೇಲಿನ ಅಸಹನೆ ಎಂಥ ರೂಪ ತಾಳಬಹುದೆಂಬುದನ್ನು ಬೀದರು 1988ರ ಸೆಪ್ಟೆಂಬರಿನಲ್ಲಿ ಕಂಡಿತು. ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು ಕನಿಷ್ಠ ಆರು ಜನ ಸತ್ತರು. ಆ ಹಿಂಸೆಗೆ ಯಾವ ಸಮರ್ಥನೆಯೂ ಇಲ್ಲ. ಊರಿನ ಶಿಕ್ಷಣ ಚರಿತ್ರೆ ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗುವುದೂ ಸರಿಯಲ್ಲ.

ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪುಗಳು ಈ ಸೀಟು ವ್ಯಾಪಾರಕ್ಕೆ ಕಡಿವಾಣ ಹಾಕಿದವು. 1994ರಿಂದ ಕರ್ನಾಟಕದಲ್ಲಿ ಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬಂತು. ಬೀದರಿನ ಹಳ್ಳಿ ಹುಡುಗನ ಪಾಲಿಗೆ ಇದು ದೊಡ್ಡ ಬಿಡುಗಡೆ: ದುಡ್ಡಿಲ್ಲದಿದ್ದರೂ ರ‍್ಯಾಂಕ್ ಇದ್ದರೆ ಬೆಂಗಳೂರಿನ ಯಾವ ಕಾಲೇಜಾದರೂ ಸರಿ. ಆದರೆ ಸಿಇಟಿ ಅರ್ಜಿಯ ಸ್ವರೂಪವನ್ನೇ ಬದಲಿಸಿತು. ಮೊದಲು ವಿದ್ಯಾರ್ಥಿ ಒಂದು ಕಾಲೇಜಿಗೆ, ಒಂದು ವಿಷಯಕ್ಕೆ ಅರ್ಜಿ ಹಾಕುತ್ತಿದ್ದ. ಈಗ ಅವನು ಒಂದು ಪಟ್ಟಿಗೆ ಅರ್ಜಿ ಹಾಕುತ್ತಾನೆ, ಪಟ್ಟಿ ಅವನನ್ನು ಎಲ್ಲಿಗಾದರೂ ಕಳಿಸುತ್ತದೆ. 1996ರಲ್ಲಿ ವೈದ್ಯಕೀಯಕ್ಕೆ ರಾಜೀವ್ ಗಾಂಧಿ ವಿಶ್ವವಿದ್ಯಾಲಯ, 1998ರಲ್ಲಿ ಇಂಜಿನಿಯರಿಂಗ್‌ಗೆ ವಿಶ್ವೇಶ್ವರಯ್ಯ ವಿಶ್ವವಿದ್ಯಾಲಯ ಬಂದ ಮೇಲೆ ಬೀದರಿನ ಎರಡು ಕಾಲೇಜುಗಳು ಒಂದೇ ರಸ್ತೆಯಲ್ಲಿದ್ದರೂ ಅವುಗಳ ವಿಶ್ವವಿದ್ಯಾಲಯ ಒಂದು ಬೆಂಗಳೂರಿನಲ್ಲಿ, ಇನ್ನೊಂದು ಬೆಳಗಾವಿಯಲ್ಲಿ. ಗುಲ್ಬರ್ಗ ವಿಶ್ವವಿದ್ಯಾಲಯಕ್ಕೆ ಉಳಿದದ್ದು ಕಲೆ, ವಾಣಿಜ್ಯ, ಮೂಲವಿಜ್ಞಾನ. ರ‍್ಯಾಂಕಿನ ಏಣಿಯಲ್ಲಿ ಮೇಲಿನ ವಿಷಯಗಳೆಲ್ಲ ದೂರದವರ ಕೈಗೆ, ಕೆಳಗಿನವು ಹತ್ತಿರದವರ ಕೈಗೆ ಹೋದವು. ಹತ್ತಿರದ ವಿಶ್ವವಿದ್ಯಾಲಯ ಎಂದರೆ ಸಿಇಟಿಯಲ್ಲಿ ಸಿಗದವರ ವಿಶ್ವವಿದ್ಯಾಲಯ ಎಂಬ ಅನಿಸಿಕೆ ಬೇರೂರಿದ್ದು ಆಗ.

ರ‍್ಯಾಂಕಿನ ಕಾಲಕ್ಕೆ ಬೀದರು ಕೊಟ್ಟ ಉತ್ತರವೂ ಗಮನಾರ್ಹ. 1989ರಲ್ಲಿ ಅಬ್ದುಲ್ ಖದೀರ್ ಅವರು ಬೆರಳೆಣಿಕೆಯ ಮಕ್ಕಳೊಡನೆ ಶುರುಮಾಡಿದ ಶಾಹೀನ್ ಸಂಸ್ಥೆ ಬೆಳೆದು, ಬೇರೆ ರಾಜ್ಯಗಳ ಮಕ್ಕಳೂ ವೈದ್ಯಕೀಯ ಪ್ರವೇಶದ ತಯಾರಿಗೆಂದು ಬೀದರಿಗೆ ಬರುವಂತಾಯಿತು. ಗಡಿಯ ಆಚೆಯ ಲಾತೂರಿನಲ್ಲಿ ಇದಕ್ಕೂ ಮೊದಲೇ ‘ಲಾತೂರ್ ಪ್ಯಾಟರ್ನ್’ ಎಂಬ ಪರೀಕ್ಷಾ ತಯಾರಿಯ ಕ್ರಮ ಹೆಸರಾಗಿತ್ತು. ಹಿಂದುಳಿದ ಪ್ರದೇಶದ ಎರಡು ಊರುಗಳು ಪರೀಕ್ಷೆಗೆ ತಯಾರು ಮಾಡುವುದನ್ನೇ ಒಂದು ಕಸುಬಾಗಿ ಕಟ್ಟಿಕೊಂಡದ್ದು ಕಾಕತಾಳೀಯವಲ್ಲ. ಕಾರ್ಖಾನೆ, ಕಂಪನಿ, ನಂಟಸ್ತಿಕೆ ಇಲ್ಲದ ಕಡೆ ಮೇಲೇರಲು ಉಳಿಯುವ ಒಂದೇ ಮೆಟ್ಟಿಲು ಅಂಕ. ಮಕ್ಕಳೇ ಡಾಕ್ಟರಾಗಬೇಕೆಂದು ಬಯಸುವಾಗ ವಿಳಾಸವನ್ನೇಕೆ ದೂರುತ್ತೀರಿ ಎಂಬ ಆಕ್ಷೇಪಕ್ಕೆ ಉತ್ತರವೂ ಇಲ್ಲೇ ಇದೆ. ಬಯಕೆ ನಿಜವೇ. ಆದರೆ ಊರಿನ ಮಗು ತನ್ನ ಕಣ್ಣಮುಂದೆ ಓದಿ ಗೌರವ ಗಳಿಸಿದ ಎಷ್ಟು ಬಗೆಯ ಮನುಷ್ಯರನ್ನು ಕಂಡಿದೆ ಎಂಬುದು ಆ ಬಯಕೆಯ ಗಾತ್ರ. ಡಾಕ್ಟರು, ಇಂಜಿನಿಯರು, ಮಾಸ್ತರು, ತಹಶೀಲ್ದಾರರು ಈ ನಾಲ್ವರನ್ನು ಬಿಟ್ಟರೆ ಐದನೆಯವರನ್ನು ಕಾಣದ ಕಡೆ ಐದನೆಯ ಬಯಕೆ ಹುಟ್ಟುವುದು ಕಷ್ಟ.

ಈ ಚರಿತ್ರೆಯಲ್ಲಿ ಒಂದು ಅಪವಾದವಿದೆ. ಪಶುವೈದ್ಯಕೀಯ ಮತ್ತು ಮೀನುಗಾರಿಕೆ ಕಾಲೇಜುಗಳನ್ನು ಕೃಷಿ ವಿಶ್ವವಿದ್ಯಾಲಯಗಳಿಂದ ಬೇರ್ಪಡಿಸುವ ಕಾಯ್ದೆ 2004ರಲ್ಲಿ ಆದಾಗ ಹೊಸ ವಿಶ್ವವಿದ್ಯಾಲಯದ ಕೇಂದ್ರವನ್ನು ಬೀದರಿನಲ್ಲಿಟ್ಟರು. ಹೆಬ್ಬಾಳ, ಮಂಗಳೂರಿನ ಹಳೆಯ ಕಾಲೇಜುಗಳು ಬೀದರಿನ ಆಡಳಿತಕ್ಕೆ ಬಂದವು. ಹೀಗೆ ರಾಜ್ಯದ ತುದಿಯ ಊರು ಒಂದು ವಿದ್ಯೆಗೆ ಇಡೀ ರಾಜ್ಯದ ವಿಳಾಸವಾಯಿತು. ಪಶುವೈದ್ಯಕೀಯ ಕೋರ್ಸಿನ ಪ್ರವೇಶದಲ್ಲಿ ಕೃಷಿಕರ ಮಕ್ಕಳ ಮೀಸಲಿಗೆ ಒಂದು ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಬೆಳೆ, ಸಲಕರಣೆ ಗುರುತಿಸಬೇಕು, ಅವುಗಳ ಉಪಯೋಗ ಹೇಳಬೇಕು. ಇಡೀ ಪ್ರವೇಶ ವ್ಯವಸ್ಥೆಯಲ್ಲಿ ಮಗು ಮನೆಯಿಂದ, ಹೊಲದಿಂದ ತಂದ ತಿಳಿವಳಿಕೆಗೆ ಅಂಕ ಕೊಡುವ ಜಾಗ ಬಹುಶಃ ಇದೊಂದೇ. ಉಳಿದೆಲ್ಲ ಕಡೆ ಅರ್ಜಿ ಕೇಳುವುದು ಮಗುವಿನ ಬಳಿ ಏನಿಲ್ಲ ಎಂಬುದನ್ನು.

ಸಂವಿಧಾನದ 371ಜೆ ವಿಧಿ ಬಂದದ್ದು ಬೀದರಿನಂಥ ಊರುಗಳ ಈ ಹಿನ್ನೆಲೆಯಲ್ಲಿ. 2002ರ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವು. ದೀರ್ಘ ಹೋರಾಟದ ಮೇಲೆ 2012ರ ಡಿಸೆಂಬರಿನಲ್ಲಿ ಸಂಸತ್ತು ಈ ವಿಧಿಯನ್ನು ಸೇರಿಸಿದ 98ನೇ ತಿದ್ದುಪಡಿಯನ್ನು ಒಪ್ಪಿತು. 2013ರ ಆದೇಶ ಈ ಪ್ರದೇಶದ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳನ್ನು ಸ್ಥಳೀಯರಿಗೆ ಮೀಸಲಿಟ್ಟಿತು. 2007ರಲ್ಲಿ ತೆರೆದ ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಬಾಗಿಲು ಊರಿನ ಮಕ್ಕಳಿಗೆ ನಿಜವಾಗಿ ಅಗಲವಾದದ್ದು ಇದರ ಮೇಲೆ. ಇದರಿಂದ ಪ್ರತಿಭೆಗೆ ಪೆಟ್ಟು ಎನ್ನುವವರು ಎರಡು ಸಂಗತಿ ಮರೆಯುತ್ತಾರೆ. ಸೀಟು ಪಡೆದವರು ಅದೇ ಪ್ರವೇಶ ಪರೀಕ್ಷೆಯ ಅರ್ಹತೆ ದಾಟಿ ಬಂದವರು, ಅದೇ ವಿಶ್ವವಿದ್ಯಾಲಯದ ಅಂತಿಮ ಪರೀಕ್ಷೆ ಬರೆದು ಹೊರಹೋಗುವವರು. ಮತ್ತು ಊರಿನವನಾದ ಡಾಕ್ಟರು ಊರಲ್ಲಿ ನಿಲ್ಲುವ ಸಂಭವ ಹೆಚ್ಚು. ನನ್ನ ತಕರಾರು ಬೇರೆ. ಸಹಾಯಕ ಆಯುಕ್ತರ ಕಚೇರಿ ಕೊಡುವ ಸ್ಥಳೀಯನೆಂಬ ಪ್ರಮಾಣಪತ್ರ ಪ್ರವೇಶದ ಮಟ್ಟಿಗೆ ಸರ್ಕಾರ ಸೀಟು ಎಣಿಸಿ ಹಂಚುವ ಕೋರ್ಸುಗಳಿಗೆ ಮಾತ್ರ ಬೆಲೆ ತಂದುಕೊಡುತ್ತದೆ. ಚರಿತ್ರೆ ಓದುವವಳಿಗೆ, ರಸಾಯನಶಾಸ್ತ್ರ ಓದುವವನಿಗೆ ಪ್ರವೇಶದಲ್ಲಿ ಅದರಿಂದ ಏನೂ ಆಗುವುದಿಲ್ಲ, ಏಕೆಂದರೆ ಅಲ್ಲಿ ಕೊರತೆ ಸೀಟಿನದಲ್ಲ, ಅಧ್ಯಾಪಕರದು, ಪ್ರಯೋಗಶಾಲೆಯದು. ಮುಲ್ಕಿ ನಿಯಮ ಸರ್ಕಾರಿ ನೌಕರಿಯತ್ತ ಓದನ್ನು ತಿರುಗಿಸಿದಂತೆ 371ಜೆ ವೃತ್ತಿ ಕೋರ್ಸಿನತ್ತ ತಿರುಗಿಸಿತು. ಮೀಸಲಾತಿ ಬೇಡವೆಂದು ಇದರ ಅರ್ಥವಲ್ಲ. ಮೀಸಲಾತಿ ಸೀಟನ್ನು ಕೊಡಬಲ್ಲದು, ವಿಷಯವನ್ನು ಕಟ್ಟಲಾರದು.

ಇಡೀ ಕರ್ನಾಟಕದಲ್ಲೇ ಹೀಗಿದೆ, ಬೀದರಿಗೇನು ವಿಶೇಷ ಎಂಬುದು ಕೊನೆಯ ಆಕ್ಷೇಪ. ದುಡ್ಡು, ರ‍್ಯಾಂಕುಗಳ ಮಟ್ಟಿಗೆ ಈ ಮಾತು ಸರಿ. ಆದರೆ ಮೈಸೂರಿನ ವಿದ್ಯಾರ್ಥಿಗೆ 1916ರಿಂದ ಊರಲ್ಲೇ ಒಂದು ವಿಶ್ವವಿದ್ಯಾಲಯವಿದೆ. ಬೀದರಿನ ಒಂದು ಮನೆಯಲ್ಲಿ ಅಜ್ಜ ಉಸ್ಮಾನಿಯಾದಲ್ಲಿ ಉರ್ದುವಿನಲ್ಲಿ, ಮಗ ಧಾರವಾಡದ ಪದವಿಯಲ್ಲಿ, ಮೊಮ್ಮಗಳು ಸಿಇಟಿ ಬರೆದು ಇಂಗ್ಲಿಷಿನಲ್ಲಿ ಓದಿರಬಹುದು. ಒಂದು ತಲೆಮಾರು ಕಷ್ಟಪಟ್ಟು ಕಲಿತ ದಾರಿ ಮುಂದಿನ ತಲೆಮಾರಿಗೆ ಉಪಯೋಗಕ್ಕೆ ಬರಲಿಲ್ಲ. ಯಾವ ಕಾಲೇಜು, ಯಾವ ವಿಷಯ, ಯಾರನ್ನು ಕೇಳಬೇಕು ಎಂಬ ಮನೆಯೊಳಗಿನ ತಿಳಿವಳಿಕೆಯೇ ಉನ್ನತ ಶಿಕ್ಷಣದಲ್ಲಿ ಬಂಡವಾಳ. ಬೀದರಿನಲ್ಲಿ ಅದು ಮೂರು ಸಲ ರದ್ದಾದ ನೋಟಿನಂತಾಯಿತು. ಈ ಭಾಗದ ತಂದೆತಾಯಿ ಮಕ್ಕಳ ವಿಷಯದ ಬಗ್ಗೆ ಹೆದರಿ ನಡೆಯುತ್ತಾರೆ, ಹತ್ತು ಜನ ಹೋದ ದಾರಿಯನ್ನೇ ಹಿಡಿಯುತ್ತಾರೆ ಎಂಬ ದೂರಿಗೆ ಕಾರಣ ಸ್ವಭಾವದಲ್ಲಿಲ್ಲ, ಈ ಚರಿತ್ರೆಯಲ್ಲಿದೆ.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೀದರ ವಿಶ್ವವಿದ್ಯಾಲಯ ಗುಲ್ಬರ್ಗ ವಿಶ್ವವಿದ್ಯಾಲಯದ ಹಾಲಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ನಡೆಯುತ್ತಿದೆ. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರ ಆರಂಭದಲ್ಲಿ ಸಚಿವ ಸಂಪುಟದ ಉಪಸಮಿತಿಯಲ್ಲಿ ಬಂದಾಗ ಬೀದರನ್ನು ಆ ಪಟ್ಟಿಯಿಂದ ಹೊರಗಿಡಲಾಯಿತು. ಅರ್ಜಿ ಈಗ ಆನ್‌ಲೈನ್, ರಾಜ್ಯಕ್ಕೆಲ್ಲ ಒಂದೇ ಜಾಲತಾಣ. 2021ರಲ್ಲಿ ಹೊಸ ಶಿಕ್ಷಣ ನೀತಿಯೊಡನೆ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಹಿಂದೆ ಸರಿದು ಮತ್ತೆ ಮೂರು ವರ್ಷಕ್ಕೆ ಬಂತು. ಹೀಗೆ ಅರ್ಜಿಯ ವಿಳಾಸ ಜಿಲ್ಲೆಯೊಳಗೇ ಬಂದಿದೆ. ನೂರು ವರ್ಷದ ಅನುಭವ ಹೇಳುವುದೇನೆಂದರೆ ಹತ್ತಿರ ಬಂದ ಮಾತ್ರಕ್ಕೆ ಆಯ್ಕೆ ಹಿಗ್ಗುವುದಿಲ್ಲ. ಕಲಬುರಗಿಯಲ್ಲಿದ್ದ ಪಠ್ಯವನ್ನೇ ಹಾಲಹಳ್ಳಿಯಲ್ಲಿ ಕಲಿಸಿದರೆ ಉಳಿಯುವುದು ಬಸ್ಸಿನ ಚಾರ್ಜು ಮಾತ್ರ. ಈ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಬಲ್ಲ ಮಕ್ಕಳಿದ್ದಾರೆ. ಉಸ್ಮಾನಿಯಾ ಕಾಲದಲ್ಲಿ ಈ ಬಹುಭಾಷೆ ಅಡ್ಡಿಯಾಗಿತ್ತು. ಬಹಮನಿ ಶಾಸನಗಳನ್ನು, ಬಸವಕಲ್ಯಾಣದ ಚಾಲುಕ್ಯ ಶಾಸನಗಳನ್ನು, ಮೋಡಿ ಲಿಪಿಯ ಜಮೀನು ದಾಖಲೆಗಳನ್ನು, ನಿಜಾಮನ ದಫ್ತರಗಳನ್ನು ಓದಬಲ್ಲ ಚರಿತ್ರೆಯ ವಿಭಾಗಕ್ಕೆ ಅದೇ ಅರ್ಹತೆ. ದೇಶದ ತೊಗರಿ, ಹೆಸರು ಪೇಟೆಗಳಲ್ಲಿ ಒಂದಾದ ಗಾಂಧಿ ಗಂಜ್ ಇರುವ ಊರಿನಲ್ಲಿ ಅರ್ಥಶಾಸ್ತ್ರ, ವಾಣಿಜ್ಯ ವಿಭಾಗಗಳು ಅಡತಿ, ಬೆಂಬಲ ಬೆಲೆ, ಬೇಳೆ ಮಿಲ್ಲು, ಬೆಳೆಸಾಲಗಳನ್ನು ಪಠ್ಯವಾಗಿ ಓದಿಸಬಹುದು. ಬಿದರಿ ಕಲೆಯ ಲೋಹ, ಅದಕ್ಕೆ ಬಳಸುವ ಕೋಟೆಯ ಮಣ್ಣು ರಸಾಯನಶಾಸ್ತ್ರದ ವಿಭಾಗಕ್ಕೆ ಹೊರಗಿನಿಂದ ತರಬೇಕಾದ ವಿಷಯಗಳಲ್ಲ.

ಇದು ಮಕ್ಕಳನ್ನು ಊರಿನಲ್ಲೇ ಕಟ್ಟಿಹಾಕುವ ಮಾತಲ್ಲವೇ ಎಂದು ಕೇಳಿದರೆ ಉತ್ತರ ಸರಳ. ಬೆಂಗಳೂರಿಗೆ, ಹೈದರಾಬಾದಿಗೆ ಹೋಗುವವರು ಹೋಗಲಿ, ಬೆಂಗಳೂರಿನ ದಾರಿಯಂತೂ ಸಿಇಟಿಯಿಂದ ತೆರೆದೇ ಇದೆ. ಆದರೆ ಊರಲ್ಲಿ ಓದಬೇಕಾದವಳು, ಬಸ್ಸಿನ ವೇಳೆ ನೋಡಿ ವಿಷಯ ಆರಿಸಬೇಕಾದವಳು, ಬೇರೆಡೆ ಸಿಗದ ಒಂದು ವಿಷಯವನ್ನು ಇಲ್ಲಿ ಓದಲು ಆಗಬೇಕು. ಆಗ ಅರ್ಜಿ ಹಾಕುವಾಗ ಇಲ್ಲೇನು ಸಿಕ್ಕೀತು ಎಂಬುದರ ಜೊತೆಗೆ ನನಗೇನು ಬೇಕು ಎಂದು ಕೇಳಿಕೊಳ್ಳಲು ಅವಳಿಗೊಂದು ಕಾರಣವಿರುತ್ತದೆ. ಅದಕ್ಕೆ ಬೇಕಾದದ್ದು ಇನ್ನೊಂದು ಕಟ್ಟಡಕ್ಕಿಂತ ಹೆಚ್ಚಾಗಿ ಕಾಯಂ ಅಧ್ಯಾಪಕರು, ಪ್ರಯೋಗಶಾಲೆಗೆ ವರ್ಷ ವರ್ಷ ತಪ್ಪದೆ ಬರುವ ಹಣ, ಮತ್ತು ಬಿತ್ತನೆಯ ತಿಂಗಳಲ್ಲಿ ಪೂರ್ತಿ ಶುಲ್ಕ ಕೇಳದೆ ಸುಗ್ಗಿಯ ಮೇಲೆ ಎರಡನೆಯ ಕಂತು ಪಡೆಯುವ ಒಂದು ಸಣ್ಣ ನಿಯಮ.